ನೀರಿಲ್ಲದ ಪೂಜೆ

ಸೀಟು ಖಾಲಿ ಇದ್ದರೂ ಆ ಹೆಂಗಸು ಚಲುವರಾಜುವಿನ ಪಕ್ಕ ಕೂರಲಿಲ್ಲ. ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಕೆ.ಆರ್. ಪೇಟೆ ಬಸ್ಸು ಇನ್ನೂ ಹೊರಟಿರಲಿಲ್ಲ. ಕೈಚೀಲವನ್ನು ಸೀಟಿನ ಮೇಲಿಡಲು ಬಗ್ಗಿದವಳು ಅವನ ಕೈ ನೋಡಿ, ಏನೋ ನೆನಪಾದವಳ ಹಾಗೆ ಚೀಲ ಎತ್ತಿಕೊಂಡು ಹಿಂದಕ್ಕೆ ಹೋಗಿಬಿಟ್ಟಳು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡ. ಹಿಂದೆಯೇ, ನಾನ್ಯಾಕೆ ಬಚ್ಚಿಟ್ಟುಕೊಳ್ಳಬೇಕು ಅಂತ ಸಿಟ್ಟು ಬಂದು, ಹೊರಗೆ ತೆಗೆದು ಮುಂದಿನ ಸೀಟಿನ ಕಂಬಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ. ನೋಡಲಿ. ಅರಿಶಿನವೂ ಅಲ್ಲ, ಕಂದೂ ಅಲ್ಲ, ಎಷ್ಟು ಸೋಪು ಹಾಕಿ ಉಜ್ಜಿದರೂ ಬಿಡದ ಬಣ್ಣ. ಗೆಣ್ಣುಗಳ ಮೇಲೆ ಕಾಳುಮೆಣಸು ಕೂರುವಷ್ಟು ಗುಂಡಿಗಳು. ದೊಡ್ಡರೋಗ ಅಂದುಕೊಂಡಿರಬೇಕು ಮುಂಡೇದು. ಅವಳನ್ನು ಕರೆದು, ಇದು ರೋಗ ಅಲ್ಲ ಕಣಮ್ಮ, ಕೆಲಸ, ಅಂತ ಹೇಳಬೇಕು ಅನ್ನಿಸಿತು. ಹೇಳಿದರೆ ಎಂಥ ಕೆಲಸ ಅಂತ ಕೇಳುತ್ತಾಳೆ. ಏನಂತ ಹೇಳೋದು. ತೊಡೆಯ ಮೇಲೆ ಮೋಸಂಬಿಯ ಕವರಿತ್ತು. ಅಶೋಕ ಕೊಟ್ಟು ಕಳಿಸಿದ್ದು. ಮಾಲೀಕ ಅನ್ನಬೇಕು, ಆದರೆ ಮನಸ್ಸಿನಲ್ಲಿ ಅವನು ಯಾವತ್ತೂ ಬರೀ ಅಶೋಕನೇ.

ಬೆಳಗೊಳದ ಆಚೆ, ನಾಲೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಅವರು ಮಾಡುತ್ತಿದ್ದದ್ದು ಒಂದೇ ಒಂದು ವಸ್ತು. ಸೀಸೆಯ ಮೇಲಿನ ಚೀಟಿಯಲ್ಲಿ ಕ್ರೋಮೈಲ್ ಕ್ಲೋರೈಡ್ ಅಂತಿತ್ತು. ಶೆಡ್ಡಿನೊಳಗೆ ಆ ಹೆಸರನ್ನು ಅಶೋಕನನ್ನು ಬಿಟ್ಟರೆ ಇನ್ಯಾರೂ ಹೇಳುತ್ತಿರಲಿಲ್ಲ. ಅವಳು ಕೆಂಪಮ್ಮ. ಹೆಸರಿಟ್ಟವನು ಶೆಡ್ಡಿನ ಹಳಬ ಜವರಯ್ಯ. ನೋಡಿದರೆ ಆಗ ತಾನೇ ಕೊಯ್ದ ಕುರಿಯ ರಕ್ತ. ಆದರೆ ರಕ್ತ ಹೆಪ್ಪುಗಟ್ಟುತ್ತದೆ, ಇವಳು ಕಟ್ಟುವುದಿಲ್ಲ, ನೀರಿನ ಹಾಗೆ ತೆಳ್ಳಗೆ ಅಲ್ಲಾಡುತ್ತಾಳೆ. ಅಷ್ಟು ತೆಳ್ಳಗಿದ್ದೂ ಸೀಸೆ ಎತ್ತಿದರೆ ಕೈ ಕೆಳಗೆ ಜಗ್ಗುತ್ತದೆ, ಅದೇ ಅಳತೆಯ ನೀರಿಗಿಂತ ಹೆಚ್ಚೂಕಮ್ಮಿ ಎರಡರಷ್ಟು ಭಾರ. ಮುಚ್ಚಳ ತೆಗೆದರೆ ಗಾಳಿಯಲ್ಲಿರುವ ತೇವಕ್ಕೇ ಹೊಗೆಯಾಡುತ್ತಾಳೆ. ರಬ್ಬರು ತಿನ್ನುತ್ತಾಳೆ, ಬೆಂಡು ತಿನ್ನುತ್ತಾಳೆ, ಚರ್ಮ ತಿನ್ನುತ್ತಾಳೆ. ಬಿಸಿಲು ಆಗುವುದಿಲ್ಲ. ಸ್ಪಿರಿಟ್ಟಿಗೆ ಸೋಕಿದರೆ ಭಗ್ಗೆಂದು ಹತ್ತಿಕೊಳ್ಳುತ್ತಾಳೆ. ಗಾಜೊಂದನ್ನೇ ಸಹಿಸುತ್ತಾಳೆ. ಎಲ್ಲಕ್ಕಿಂತ ಆಗದ್ದು ನೀರು. ಇವಳನ್ನು ಇಳಿಸುವಾಗ ಹೊರಗಿನ ಕೊಳವೆಯಲ್ಲಿ ತಣ್ಣೀರು ಹರಿಯುತ್ತಿರುತ್ತದೆ, ಒಳಗಿನ ಕೊಳವೆಯಲ್ಲಿ ಇವಳು ಕೆಂಪು ಆವಿಯಾಗಿ ಬಂದು ತಣ್ಣಗಾಗಿ ತೊಟ್ಟಿಕ್ಕುತ್ತಾಳೆ. ನಡುವೆ ಒಂದು ತೆಳ್ಳನೆ ಗಾಜು. ಮೊದಮೊದಲು ಚಲುವರಾಜು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದ. ಕೊಂಚ ಒಡೆದರೆ ಏನಾಗಬಹುದು ಅನ್ನುವುದೇ ಅವನಿಗೆ ಒಂದು ಥರದ ಸುಖವಾಗಿತ್ತು. ಬಿಂಡಿಗನವಿಲೆಯ ಸ್ಕೂಲಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ, ಕಿಟಕಿಯಾಚೆ ಕುರಿ ನೋಡುತ್ತಿದ್ದವನನ್ನು ಎಬ್ಬಿಸಿ ನಿಲ್ಲಿಸಿ, ನೀನೂ ಅದರ ಜೊತೆಗೇ ಮೇಯಕ್ಕೆ ಹೋಗು ಅಂದಿದ್ದ ಮೇಷ್ಟರ ಮುಖದ ಮೇಲೆ ಒಂದು ತೊಟ್ಟು, ಬರೀ ಒಂದು ತೊಟ್ಟು, ಅಂತ ಎಷ್ಟೋ ಸಲ ಯೋಚಿಸಿದ್ದ. ಅವತ್ತು ಮೇಯಲು ಹೋದವನು ಮತ್ತೆ ಸ್ಕೂಲಿನ ಕಡೆ ತಿರುಗಿ ನೋಡಿರಲಿಲ್ಲ.

ಬಸ್ಸು ಹೊರಟಿತು. ಪಾಂಡವಪುರದ ಹತ್ತಿರ ಯಾವುದೋ ಆಲೆಮನೆಯ ಪಕ್ಕ ಹೋಗುವಾಗ ಒಳಗಿದ್ದವರೆಲ್ಲ ಒಟ್ಟಿಗೆ ಮೂಗೆತ್ತಿದರು. “ಏನ್ ಗಮಲು ನೋಡ್ಲಾ, ಪಾಕ ಎತ್ತಾವ್ರೆ ಈಗ,” ಅಂದ ಮುಂದಿನ ಸೀಟಿನವನು. ಚಲುವರಾಜುವಿಗೆ ಕಂಡದ್ದು ಬರೀ ಹೊಗೆ. ಮೂಗಿನೊಳಗಿನ ಗೋಡೆಯಲ್ಲಿ ಕಿರುಬೆರಳು ತೂರುವಷ್ಟು ತೂತಿತ್ತು. ಉಸಿರಾಡಿದರೆ ಒಂದೊಂದು ಸಲ ಸಿಳ್ಳೆ ಬರುತ್ತಿತ್ತು. ಶೆಡ್ಡಿಗೆ ಸೇರಿದ ಮೊದಲ ವರ್ಷ ಎಲ್ಲರಿಗೂ ಮೂಗಿನಲ್ಲಿ ರಕ್ತ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ, ನಿಂತಾಗ ತೂತಾಗಿರುತ್ತದೆ, ನೋವೇ ಇಲ್ಲ. ಅದಕ್ಕೆ ಅವರು ಮೂಗುತಿ ಅನ್ನುತ್ತಿದ್ದರು. ಕೆಂಪಮ್ಮ ಮೂಗುತಿ ಇಕ್ಕುದ್ಲು ಕಣ್ಲಾ, ಇನ್ನು ನೀನು ನಮ್ಮೋನಾದೆ, ಅಂತ ಅವತ್ತು ಜವರಯ್ಯ ಅವನಿಗೆ ಬೆಲ್ಲ ತಿನ್ನಿಸಿದ್ದ. ಬೆಲ್ಲ ಸಿಹಿಯಾಗಿತ್ತು ಅಷ್ಟೆ, ಬೆಲ್ಲದ ಹಾಗಿರಲಿಲ್ಲ. ಸೇರಿಸಿದವನೂ ಜವರಯ್ಯನೇ, ಕಲಿಸಿದವನೂ ಜವರಯ್ಯನೇ. ನಮ್ಮೋನು ಅಂದವನೇ ನಾಲ್ಕು ಜನರೆದುರು ನಗೆಪಾಟಲು ಮಾಡುತ್ತಿದ್ದವನೂ ಅವನೇ. ಅವನಿಗೂ ತೂತಿತ್ತು. ಅವನಿಗೂ ವಾಸನೆ ಬರುತ್ತಿರಲಿಲ್ಲ. ಆದರೆ ಅವನಿಗೆ ಅದೊಂದು ಬಿರುದು. ಅವನಿಗೆ ಚಿನಕುರಳಿಯಲ್ಲಿ ಮನೆಯಿತ್ತು, ಹೆಂಡತಿಯಿದ್ದಳು, ಗಂಡು ನೋಡಲು ಬಂದವರು ಅವನ ಕೈ ನೋಡಿ ಎದ್ದುಹೋಗುವಂಥದ್ದೇನೂ ಬಾಕಿ ಇರಲಿಲ್ಲ.

ಈ ವರ್ಷದ ಆಯುಧಪೂಜೆಯ ದಿನವೂ ಹೀಗೆಯೇ. ಅಲ್ಲ, ಹೀಗೆಯೇ ಅಲ್ಲ. ಚಲುವರಾಜು ಕಿಟಕಿಯ ಕಂಬಿಗೆ ಹಣೆ ಒತ್ತಿದ. ಅವತ್ತು ಕೆ.ಆರ್. ಪೇಟೆಯಿಂದ ಅಶೋಕನ ತಾಯಿ ದ್ಯಾವಮ್ಮ ಬಂದಿದ್ದಳು, ತಂಗಿ ಸಹನ ಬಂದಿದ್ದಳು. ಕಾರು ತೊಳೆದು, ಬಾಯ್ಲರು ತೊಳೆದು, ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟಾಗಿತ್ತು. ಪುರಿ, ಬಾಳೆಹಣ್ಣು ಹಂಚುವಾಗ ಜವರಯ್ಯನಿಗೆ ಖುಷಿ ಬಂದುಬಿಟ್ಟಿತು. ಎರಡು ಮುಷ್ಟಿ ಮಾಡಿಕೊಂಡು ಬಂದು, “ಲೇ ಚಲುವ, ಕಣ್ಮುಚ್ಲಾ. ಒಂದ್ರಲ್ಲಿ ಮಲ್ಲಿಗೆ ಐತೆ, ಒಂದ್ರಲ್ಲಿ ಸಗಣಿ ಐತೆ. ಯಾವ್ದು ಮಲ್ಲಿಗೆ ಯೋಳು, ಸಹನವ್ವಾರ ಕೈಲಿ ನಿಂಗೆ ಬಾಳೆಹಣ್ಣು ಕೊಡುಸ್ತೀನಿ,” ಅಂದ. ಅವನು ಬೇಡ ಅಂದ. ಎಲ್ಲರೂ, ಯೋಳ್ಲಾ, ಯೋಳ್ಲಾ, ಅಂದರು. ಕಣ್ಣುಮುಚ್ಚಿ ಬಗ್ಗಿದ. ಅವನ ಮೂಗಿನ ಪಾಲಿಗೆ ಎರಡೂ ಮುಷ್ಟಿಯಲ್ಲಿ ಏನೂ ಇರಲಿಲ್ಲ, ಎರಡೂ ಬರೀ ಗಾಳಿ. ಬಲಗೈ ಮುಟ್ಟಿದ. “ಅಯ್ಯೋ ನನ್ ಮಗ್ನೆ, ಸಗಣಿ ಮುಡ್ಕೋ ಓಗು!” ಅಂತ ಜವರಯ್ಯ ಮುಷ್ಟಿ ಬಿಚ್ಚಿ ಅವನ ಮೂಗಿಗೆ ಒರೆಸಿದ. ಸಹನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವಿಗೋ ಹೇಸಿಗೆಗೋ. ದೊಡ್ಡ ವಿಷಯವೇನೂ ಅಲ್ಲ. ಗಂಡಸರು ಗಂಡಸರ ಜೊತೆ ಇಷ್ಟು ಮಾಡುತ್ತಾರೆ. ಆದರೆ ಅವನು ನಲ್ಲಿಯ ಹತ್ತಿರ ಮುಖ ತೊಳೆಯುತ್ತ ನಿಂತಾಗ, ಹೋಯಿತೋ ಇಲ್ಲವೋ ತಿಳಿಯುವುದಕ್ಕೆ ತನಗೆ ದಾರಿಯೇ ಇಲ್ಲ ಅಂತ ಹೊಳೆದು, ತೊಳೆದ, ಮತ್ತೆ ತೊಳೆದ, ಚರ್ಮ ಉರಿಯುವವರೆಗೂ ತೊಳೆದ.

ಕೆಂಪಮ್ಮನ ಕೋಣೆಗೆ ಪೂಜೆ ಕೊನೆಗೆ. ಅದಕ್ಕೊಂದು ಪದ್ಧತಿ ಇತ್ತು, ಜವರಯ್ಯನೇ ಮಾಡಿಟ್ಟದ್ದು. ಉಳಿದ ಎಲ್ಲವನ್ನೂ ತೊಳೆದು ಪೂಜೆ ಮಾಡಬಹುದು, ಈ ಕೋಣೆಯಲ್ಲಿ ಮಾತ್ರ ನೀರು ಒಳಗೆ ಬರಕೂಡದು. ಕಳಶ ಇಲ್ಲ, ತೀರ್ಥ ಇಲ್ಲ, ಕಾಯಿ ಒಡೆಯುವುದೂ ಹೊರಗೆ. ಮರಳಿನ ತಟ್ಟೆಯಲ್ಲಿ ಅರ್ಧ ಮುಳುಗಿ ಕೂತಿರುವ ದೊಡ್ಡ ಗಾಜಿನ ಬುರುಡೆಗೆ ಒಣ ಕುಂಕುಮ, ಒಂದು ಒಣ ಹೂವು. ಅಭಿಷೇಕ ಒಲ್ಲದ ದೇವ್ರು ಕಣಪ್ಪ ಇದು, ಅನ್ನುತ್ತಿದ್ದ. ಹಬ್ಬ ಮುಗಿಸಿ ಬಂದ ಕೂಡಲೇ ಕೆಲಸ ಶುರುಮಾಡಲು ಅನುಕೂಲವಾಗಲಿ ಅಂತ ಬುರುಡೆಗೆ ಕಿತ್ತಳೆ ಬಣ್ಣದ ಕ್ರೋಮಿನ ಹರಳು, ಉಪ್ಪು ಬೆಳಿಗ್ಗೆಯೇ ತುಂಬಿ, ಬಾಯಿಗೆ ಗಾಜಿನ ಬಿರಡೆ ಹಾಕಿಟ್ಟಿದ್ದ. ಆಸಿಡ್ಡು ಬಿಡುವುದೊಂದು ಬಾಕಿ. ಕುಂಬಳಕಾಯಿ ಒಡೆಯಲು ಅವನು ಗೇಟಿನ ಹತ್ತಿರ ಹೋದಾಗ ದ್ಯಾವಮ್ಮ ಕಳಶ ಹಿಡಿದು ಕೋಣೆಗೆ ಬಂದಳು. ಅಶೋಕ ಹಿಂದೆ ಇದ್ದ. ಕರ್ಪೂರದ ತಟ್ಟೆ ಹಿಡಿದು ಚಲುವರಾಜು ಇದ್ದ. “ಇದ್ಯಾಕಪ್ಪ ಒಣಒಣ ನಿಂತದೆ?” ಅಂದಳು ಮುದುಕಿ. “ನೀರು ಕಾಣದ್ದಕ್ಕೆ ಪೂಜೆ ಅಂತಾರಾ? ಅನ್ನ ಕೊಡೋ ಪಾತ್ರೆ, ಬಾಯಿ ಕಟ್ಟಿ ಮಡಗಿದೀರಲ್ಲ.” ಬಿ.ಎಸ್ಸಿ. ಓದಿದ ಅಶೋಕ ಏನೋ ಹೇಳಲು ಬಾಯಿ ತೆರೆದ. ಆಮೇಲೆ ತಾಯಿಯ ಮುಖ ನೋಡಿ ನಕ್ಕು, ಬಿರಡೆ ತೆಗೆದ. ಅವಳು ಮಾವಿನೆಲೆ ಅದ್ದಿ ಚಿಮುಕಿಸುತ್ತಾಳೆ ಅಂದುಕೊಂಡರೆ, ಕಳಶವನ್ನೇ ಬಗ್ಗಿಸಿ, ಬಾಯಾರಿದ ಮಗುವಿಗೆ ಕುಡಿಸುವ ಹಾಗೆ, ಒಂದು ಬೊಗಸೆಯಷ್ಟು ಅರಿಶಿನದ ನೀರು ಒಳಗೆ ಬಿಟ್ಟಳು. ನೀರು ಹರಳಿನ ಸಂದಿಯಲ್ಲಿ ಇಳಿದು ಮರಳಿನ ಮಟ್ಟಕ್ಕಿಂತ ಕೆಳಗೆ ಹೋಯಿತು. ಅಶೋಕ ಬಿರಡೆ ಹಾಕಿ ಒರೆಸಿದ. ಅಷ್ಟರಲ್ಲಿ ಗೇಟಿನ ಹತ್ತಿರ ಕಾಯಿ ಒಡೆದ ಸದ್ದು, ಜವರಯ್ಯನ ಕೂಗು.

ಅವನು ನೋಡಿದ್ದ. ಎಷ್ಟು ಸಲ ತಿರುವಿಹಾಕಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ‘ಅಮ್ಮಾ’ ಅನ್ನುವ ಮಾತು ಗಂಟಲಿಗೆ ಬಂದಿತ್ತು, ಅದೂ ನಿಜ. ಅದರ ಹಿಂದೆಯೇ, ಜವರಣ್ಣನ ಬುರುಡೆ ತಾನೆ, ಜವರಣ್ಣನೇ ನೋಡ್ಕಳ್ಳಿ, ಅನ್ನುವುದೂ ಬಂತು. ಒಂದು ಸಲದ ಮಾಲು ಕೆಡುತ್ತದೆ, ಅವನನ್ನು ಅಶೋಕ ಎಲ್ಲರೆದುರು ಬಯ್ಯುತ್ತಾನೆ, ಅಷ್ಟೆ. ಅಷ್ಟು ಮಾತ್ರ ಅವನು ಬಯಸಿದ್ದು. ಮೂಗಿನ ಮೇಲೆ ಚರ್ಮ ಇನ್ನೂ ಉರಿಯುತ್ತಿತ್ತು. ಹಬ್ಬ ಕಳೆದು ಕೆಲಸಕ್ಕೆ ಬಂದ ಬೆಳಿಗ್ಗೆ ಜವರಯ್ಯ ಆಸಿಡ್ಡಿನ ಬುಡ್ಡಿಯ ತಿರುಪಿಗೆ ಕೈಯಿಟ್ಟು, ಯಾವಾಗಲೂ ತಮಾಷೆಗೆ ಕೇಳುವ ಹಾಗೆ, “ಬುಡ್ಲೇನ್ಲಾ ಚಲುವ?” ಅಂದ. ಇವನು “ಬುಡಣ್ಣ” ಅಂದ. ಅಂದು, ಐಸು ತರುತ್ತೀನಿ ಅಂತ ಹೊರಗೆ ಹೋದ. ಮರೆತಿದ್ದನೇ? ಎರಡು ದಿನ ಊರಿಗೆ ಹೋಗಿ ಕುಡಿದು ಮಲಗಿದ್ದ, ಮರೆತಿರಬಹುದು. ಮರೆತಿದ್ದರೆ ಐಸು ತರಲು ಅವತ್ತೇ ಯಾಕೆ ಅಷ್ಟು ಬೇಗ ಹೋದ? ಐಸು ಬೇಕಾಗುವುದು ಕೆಂಪು ಇಳಿಯಲು ಶುರುವಾದ ಮೇಲೆ. ಅಂಗಳದಲ್ಲಿ ನಿಂತಾಗ ಅವನಿಗೆ ಕೇಳಿಸಿದ್ದು ದೊಡ್ಡ ಸದ್ದೇನಲ್ಲ, ಕಾದ ಎಣ್ಣೆಗೆ ಹಸಿ ಕರಿಬೇವು ಬಿದ್ದ ಹಾಗೆ ಒಂದು ಚೊರ್ರನೆ, ಆಮೇಲೆ ಗಾಜು. ಬಾಗಿಲಿನಿಂದ ಕೆಂಪು ಹೊಗೆ ಅವಸರವೇ ಇಲ್ಲದವರ ಹಾಗೆ ಹೊರಗೆ ನಡೆದು ಬಂತು. ಅದರ ಹಿಂದೆ, ಮುಖ ಮುಚ್ಚಿಕೊಂಡು, ಜವರಯ್ಯ.

ಇವತ್ತು ಬೆಳಿಗ್ಗೆ ಅಶೋಕ ಕ್ಯಾಬಿನ್ನಿಗೆ ಕರೆದು ಕೂರಿಸಿದ. ಕೂರಿಸಿದ್ದು ಇದೇ ಮೊದಲು. “ಜವರಯ್ಯನಿಗೆ ವಯಸ್ಸಾಯ್ತು ಚಲುವ. ಏನೋ ಒಂದು ಮರೆತವ್ನೆ, ಪಾಪ. ಆಸ್ಪತ್ರೆಗೆ ಎಲ್ಲಾ ನಾನೇ ನೋಡ್ಕಂಡಿದೀನಿ. ಇನ್ನು ಬರೋದು ಬೇಡ ಅನ್ನು, ಮನೇಲಿರ್ಲಿ. ನಾಳೆಯಿಂದ ನೀನೇ ಕೂತ್ಕೋ ಅಲ್ಲಿ.” ಹೇಳುವಾಗ ಅವನು ಚಲುವರಾಜುವಿನ ಕಣ್ಣನ್ನೇ ನೋಡುತ್ತಿದ್ದ. ನಿನಗೂ ಗೊತ್ತು, ನನಗೂ ಗೊತ್ತು ಅನ್ನುವ ನೋಟವೋ, ನಿನಗೆ ಗೊತ್ತಾ ಅಂತ ಕೇಳುವ ನೋಟವೋ. ಚಲುವರಾಜು ಆ ಮುಖಕ್ಕೆ ಉಗಿಯಬೇಕಿತ್ತು. ನಿಮ್ಮವ್ವ ಹುಯ್ದ ನೀರು ಸ್ವಾಮಿ, ಅನ್ನಬೇಕಿತ್ತು. “ಸರಿ ಸಾರ್,” ಅಂದ. ಬಸ್ಸಿನಲ್ಲಿ ಈಗ ಆ ‘ಸಾರ್’ ನಾಲಗೆಯ ಮೇಲೆ ಕೂತಿತ್ತು. ಅವನಿಗೆ ಆ ಕುರ್ಚಿ ಬೇಕಿತ್ತು. ಅದೇ ಅವನಿಗೆ ತನ್ನ ಮೇಲೆ ಇದ್ದ ದೊಡ್ಡ ಸಿಟ್ಟು. ಜವರಯ್ಯನ ಕುರ್ಚಿ ತನಗೆ ಎಷ್ಟು ದಿನದಿಂದ ಬೇಕಿತ್ತು ಅಂತ ಲೆಕ್ಕ ಹಾಕಲು ಹೋದರೆ ಅದು ಮಲ್ಲಿಗೆ-ಸಗಣಿಗಿಂತ ಹಿಂದಕ್ಕೆ ಹೋಗುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ, ಅಂದುಕೊಂಡ. ಕಾಲಿಗೆ ಬಿದ್ದು, ಅಣ್ಣ, ನೀನು ಏನೂ ಮರೀಲಿಲ್ಲ, ನೀರು ಬಿದ್ದಿತ್ತು, ನಾನು ನೋಡ್ದೆ, ಅಂತ. ಚಿನಕುರಳಿ ಬರುವವರೆಗೂ ಆ ಮಾತನ್ನು ಒಂದು ಸಲ ಹಳ್ಳಿ ಮಾತಿನಲ್ಲಿ, ಒಂದು ಸಲ ಓದಿದವರ ಮಾತಿನಲ್ಲಿ ಹೇಳಿಕೊಂಡು ನೋಡಿದ. ಎರಡರಲ್ಲೂ ‘ನಾನು ನೋಡ್ದೆ’ ಅನ್ನುವುದು ಬಾಯಿಯಿಂದ ಹೊರಗೆ ಬರುತ್ತಿರಲಿಲ್ಲ.

ಊರೊಳಗೆ ಕಲ್ಲುಕ್ವಾರಿಯ ಬಿಳಿ ಪುಡಿ ಎಲೆಗಳ ಮೇಲೆಲ್ಲ ಕೂತಿತ್ತು. ಜವರಯ್ಯ ಮನೆಯ ಜಗಲಿಯಲ್ಲಿ, ಗೋಡೆಗೆ ಒರಗಿ, ಕಾಲು ನೀಡಿಕೊಂಡಿದ್ದ. ಕೆನ್ನೆಯ ಮೇಲಿನ ಚರ್ಮ ಸುಲಿದು ಹೊಸದು ಬಂದಿತ್ತು, ಅದು ಮಗುವಿನದರಂತೆ ನುಣ್ಣಗೆ, ಆ ಮುಖಕ್ಕೆ ಹೊಂದದೆ, ಎರವಲು ತಂದದ್ದರ ಹಾಗಿತ್ತು. ಕಣ್ಣುಗಳ ಮೇಲೆ ಹಾಲಿನ ಕೆನೆ. “ಯಾರು?” ಅಂದ. ಸ್ವರವೂ ಅವನದಲ್ಲ, ಮರದ ಮೇಲೆ ಅರ ಉಜ್ಜಿದ ಹಾಗೆ.

“ನಾನು ಕಣಣ್ಣ. ಚಲುವ.”

“ಬಾರ್ಲಾ, ಬಾರ್ಲಾ ನನ್ ದೊರೆ.” ಕೈ ಗಾಳಿಯಲ್ಲಿ ಹುಡುಕಿ ಅವನ ಮಣಿಕಟ್ಟು ಹಿಡಿಯಿತು. ಗೆಣ್ಣಿನ ಗುಂಡಿಗಳನ್ನು ಸವರಿ, “ಊಂ, ನೀನೇಯ,” ಅಂತ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಒಳಗಿನಿಂದ ಚಿಕ್ಕಬೋರಮ್ಮ ಓಡಿಬಂದು ಗಂಡನ ಬೆನ್ನು ನೀವಿದಳು. ಸಣ್ಣ ಹೆಂಗಸು, ಕೈಯಲ್ಲಿ ಹಿಟ್ಟು ಮೆತ್ತಿದ ಕೋಲು. “ಮಾತಾಡ್ಬ್ಯಾಡ ಅಂದವ್ರೆ ಡಾಕ್ಟ್ರು. ನೀನಾರ ಯೋಳಪ್ಪ. ಕಣ್ಣು ಮುಚ್ಚಲ್ಲ, ಅದೇನೋ ಲೆಕ್ಕ ಆಕ್ತಾ ಕುಂತಿರ್ತಾನೆ. ಎದ್ರೂ ಅದೇಯ, ಮನಗುದ್ರೂ ಅದೇಯ. ಇರು, ಮುದ್ದೆ ತಿರುವ್ತಾ ಇವ್ನಿ, ಉಂಡೇ ಓಗ್ಬೇಕು.” ಮೋಸಂಬಿ ತೆಗೆದುಕೊಂಡು, “ಅಶೋಕಪ್ಪಾರು ಕಳಿಸವ್ರಾ? ದೇವ್ರಂಥೋರು,” ಅಂದು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಲೆಯ ಮುಂದೆ ಬಗ್ಗಿದ ಅವಳ ಬೆನ್ನು ಜಗಲಿಗೆ ಕಾಣುತ್ತಿತ್ತು.

ಮಾಲೀಕ ಹೇಳಿಕಳಿಸಿದ್ದನ್ನು ಹೇಗೆ ಶುರುಮಾಡುವುದು ಅಂತ ಚಲುವರಾಜು ಯೋಚಿಸುವಷ್ಟರಲ್ಲಿ ಜವರಯ್ಯನೇ ಅವನನ್ನು ಹತ್ತಿರಕ್ಕೆ ಎಳೆದ. “ಅವ್ಳು ಯೋಳಿದ್ದು ನಿಜ ಕಣ್ಲಾ. ನಂಗೆ ಕಣ್ಣೋದ್ರೆ ಓಗ್ಲಿ. ಎಲ್ಲಿ ತಪ್ಪುದೆ ಅಂತ ಗೊತ್ತಾಗ್ಬೇಕು. ಅಷ್ಟ್ ವರ್ಸ ಅವ್ಳ ಕೂಟೆ ಬಾಳಿವ್ನಿ, ಒಂದ್ ದಿಸ ಮುನಿಸ್ಕಂಡಿಲ್ಲ. ನೀನು ಪಕ್ಕದಲ್ಲೇ ಇದ್ದಲ್ಲ, ಯೋಳು. ನಾನು ಒಂದೊಂದಾಗಿ ಯೋಳ್ತಾ ಓಯ್ತೀನಿ, ತಪ್ಪು ಬಂದ್ ಕಡೆ ನಿಲ್ಸು.” ಅವನು ಕಣ್ಣುಮುಚ್ಚಿದ. ಮುಚ್ಚುವ ಅಗತ್ಯವಿರಲಿಲ್ಲ. “ಹರಳು. ಕ್ರೋಮಿನ ಹರಳು ಕಲ್ಬತ್ತಲ್ಲಿ ಪುಡಿ ಮಾಡ್ದೆ. ಬಿಸಿ ತಟ್ಟೇಲಿ ಆರಾಕ್ದೆ. ನುಣ್ಣಗಿರ್ಬಾರ್ದು, ರವೆ ಅಂಗಿರ್ಬೇಕು. ರವೆ ಅಂಗೇ ಇತ್ತು. ಸರೀನಾ?”

“ಸರಿ.”

“ಬುರುಡೆ ಹಿಂದಿನ ದಿಸವೇ ಕಾಯಿಸಿ ಒಣುಗ್ಸಿದ್ದೆ. ಬೆಂಕಿ ಮೇಲೆ ತಿರುಗ್ಸಿ ತಿರುಗ್ಸಿ. ಒಳಗೆ ತೇವದ ಉಬ್ಬೆ ಇರ್ಲಿಲ್ಲ, ಬೆಳಕಿಗೆ ಹಿಡ್ದು ನೋಡಿವ್ನಿ. ಕೊಳವೆ? ಕೊಳವೆ ಬಿರುಕು ಬುಟ್ಟಿರ್ಬೋದು ಅಂತ ಆಸ್ಪತ್ರೇಲಿ ಅನ್ಕಂಡೆ. ಆಮೇಲೆ ನೆಪ್ಪಾಯ್ತು, ನೀರು ಇನ್ನೂ ಬುಟ್ಟೇ ಇರ್ಲಿಲ್ಲ ಕಣ್ಲಾ ಕೊಳವೇಗೆ. ನೀರು ಬುಡಕ್ ಮುಂಚೇನೆ ಆಗೋಯ್ತಲ್ಲ. ಅಲ್ವಾ?”

“ಊಂ.”

“ಆಸಿಡ್ಡು. ಹೊಸ ಕ್ಯಾನು, ಸೀಲು ನಾನೇ ಒಡ್ದೆ. ಎಣ್ಣೆ ಅಂಗೆ ಮಂದಕ್ಕಿತ್ತು. ನಾನು ಸುರೀಲಿಲ್ಲ, ಒಂದೊಂದ್ ತೊಟ್ಟೇ ಬುಟ್ಟೆ. ಯಾವತ್ತೂ ಮೊದಲ್ನೇ ತೊಟ್ಟಿಗೆ ಏನ್ ಮಾಡ್ತಾಳೆ? ಸುಮ್ಕೆ ಒಂದ್ ಎಳೆ ಕೆಂಪು ಹೊಗೆ ಎದ್ದು ಬುರುಡೆ ಒಳಗೇ ಸುತ್ತಾಡ್ತಾಳೆ. ಅವತ್ತು ಅಂಗಾಗ್ಲಿಲ್ಲ. ಕುದ್ದುಬುಟ್ಳು. ಕೆಳಗಿಂದ ಕುದ್ದುಬುಟ್ಳು ಕಣ್ಲಾ. ಕೆಳಗೆ ಏನಿತ್ತು?” ಹಿಡಿದ ಕೈ ಬಿಗಿಯಾಯಿತು. ಒಳಗೆ ಕೋಲು ತಪ್ಪಲೆಯ ಅಂಚಿಗೆ ಬಡಿಯುವ ಸದ್ದು ಬರುತ್ತಿತ್ತು. “ಕೆಳಗೆ ನೀರಿದ್ರೆ ಅಂಗೆ ಮಾಡ್ತಾಳೆ. ನೀರು ಎಲ್ಲಿಂದ ಬಂತು? ಬಿರಡೆ ಆಕಿದ್ದೆ. ಪೂಜೆ ದಿಸ ನಾನು ಗೇಟ್ ತಾವ್ಕೆ ಓದಾಗ... ಲೇ ಚಲುವ. ನೀನು ತಟ್ಟೆ ಹಿಡ್ಕಂಡು ಒಳಗಿದ್ದಲ್ಲ. ಬುರುಡೆ ಬಾಯಿ ಯಾರಾರ ತಗುದ್ರಾ?”

ಈಗ, ಅಂತ ಚಲುವರಾಜು ಅಂದುಕೊಂಡ. ಮಾತು ಅವನಿಗಾಗಿ ಬಾಗಿಲು ತೆರೆದು ನಿಂತಿತ್ತು. ಊಂ ಅಂದರೆ ಸಾಕಿತ್ತು, ಉಳಿದದ್ದನ್ನು ಜವರಯ್ಯನೇ ಜೋಡಿಸಿಕೊಳ್ಳುತ್ತಿದ್ದ. ಜೋಡಿಸಿಕೊಂಡ ಮೇಲೆ, ಆ ಕೆನೆಗಟ್ಟಿದ ಕಣ್ಣನ್ನು ಇತ್ತ ತಿರುಗಿಸಿ, ಮತ್ತೆ ನೀನ್ಯಾಕ್ಲಾ ಯೋಳ್ಲಿಲ್ಲ, ಬುಡ್ಲೇನ್ಲಾ ಅಂತ ಕೇಳಿದ್ನಲ್ಲ ನಿನ್ನ, ಅಂತ ಕೇಳುತ್ತಿದ್ದ. ಸಗಣಿ ಒರೆಸಿದ್ದಕ್ಕೆ ಅಂತ ಹೇಳಬೇಕಿತ್ತು. ಒಂದು ಹಿಡಿ ಸಗಣಿಗೆ. ಹೇಳಿದರೆ ಇಲ್ಲೇ ಅದು ಎಷ್ಟು ಸಣ್ಣದು ಅಂತ ಕಂಡುಬಿಡುತ್ತಿತ್ತು. ಅವನ ಕಣ್ಣು ಜಗಲಿಯ ತುಂಬ ಓಡಾಡಿತು, ಯಾವುದಾದರೂ ಒಂದು ತಪ್ಪು ಬೇಕಿತ್ತು, ಯಾರದ್ದೂ ಅಲ್ಲದ ತಪ್ಪು. ಗಾಜು ಅಂದರೆ ಅಶೋಕನದಾಗುತ್ತದೆ. ಆಸಿಡ್ಡು ಅಂದರೆ ಸೀಲು ಒಡೆದವನು ಇವನೇ, ನಂಬುವುದಿಲ್ಲ. ಉಪ್ಪು. ಉಪ್ಪಿನ ಸುದ್ದಿಯನ್ನು ಜವರಯ್ಯ ಇನ್ನೂ ಎತ್ತಿರಲಿಲ್ಲ. ಉಪ್ಪು ಅಂಗಡಿಯದು, ಸಮುದ್ರದ್ದು, ಯಾರದ್ದೂ ಅಲ್ಲ.

“ಬಾಯಿ ಯಾರೂ ತಗೀಲಿಲ್ಲ ಕಣಣ್ಣ,” ಅಂದ. ತನ್ನ ಸ್ವರ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಬೆರಗಾಯಿತು. “ಉಪ್ಪು. ಅವತ್ತು ಉಪ್ಪು ಹಸಿ ಇತ್ತು. ನೀನು ಸುರಿಯೋವಾಗ ನಾನು ನೋಡ್ದೆ, ಪುಡಿಪುಡಿಯಾಗಿ ಬೀಳ್ಲಿಲ್ಲ, ಉಂಡೆ ಕಟ್ಕಂಡು ಬಿತ್ತು. ಆಗ ನಂಗೆ ಹೊಳೀಲಿಲ್ಲ.”

ಜವರಯ್ಯ ಅವನ ಕಡೆ ಕಿವಿ ತಿರುಗಿಸಿದ. ಹಿಡಿದಿದ್ದ ಕೈ ಸಡಿಲಾಯಿತು. ಗೋಡೆಗೆ ಒರಗಿದ ದೇಹದಿಂದ ಏನೋ ಒಂದು ಇಳಿದುಹೋದ ಹಾಗೆ, ಭುಜ ಕೆಳಗೆ ಬಂತು, ಬಾಯಿ ತುಸು ತೆರೆಯಿತು. “ಉಪ್ಪು,” ಅಂದ. “ಉಂಡೆ ಕಟ್ಟಿತ್ತಾ. ನೀನು ನೋಡುದ್ಯಾ. ಅಂಗಾರೆ ನನ್ ಕೈ ತಪ್ಪಿಲ್ಲ.” ಮುಖದ ಹೊಸ ಚರ್ಮದ ಮೇಲೆ ನೀರು ಇಳಿಯಿತು, ಆ ಕಣ್ಣುಗಳಿಂದ ಬರುವುದು ಅಳುವೋ ಕೀವೋ ಹೇಳುವಂತಿರಲಿಲ್ಲ. “ನನ್ ಕೈ ತಪ್ಪಿಲ್ಲ ಕಣ್ಲಾ.” ಆಮೇಲೆ ತಲೆಯನ್ನು ಬಾಗಿಲಿನ ಕಡೆ ತಿರುಗಿಸಿ, ಇದ್ದಷ್ಟು ಗಂಟಲಿನಲ್ಲಿ, “ಲೇ ಬೋರೀ,” ಅಂದ. “ಕೇಳುಸ್ತಾ? ಅವತ್ತು ಉಪ್ಪು ಸರಿಯಾಗಿ ಉರೀಲಿಲ್ವೇನೇ ನೀನು?”

ಕೋಲಿನ ಸದ್ದು ನಿಂತಿತು. ಚಲುವರಾಜುವಿಗೆ ಮೊದಲು ಅರ್ಥವಾಗಲಿಲ್ಲ. ಜವರಯ್ಯ ತರುತ್ತಿದ್ದ ಮುಚ್ಚಳದ ಡಬ್ಬಿ, ಅದಕ್ಕೆ ಸುತ್ತಿದ ಹಳೇ ಸೀರೆಯ ತುಂಡು, ಎಲ್ಲ ಅವನು ನೋಡಿದ್ದ. ಒಣ ಉಪ್ಪು ಡಬ್ಬಿಯಲ್ಲಿ ಬರುತ್ತದೆ, ಅಷ್ಟು ಅವನಿಗೆ ಗೊತ್ತಿತ್ತು. ಅದನ್ನು ಯಾರೋ ಒಲೆಯ ಮುಂದೆ ಕೂತು ಹುರಿಯುತ್ತಾರೆ ಅನ್ನುವುದು, ಆ ಸೀರೆ ಯಾರದೋ ಒಬ್ಬಳದು ಅನ್ನುವುದು, ಈ ಐದಾರು ವರ್ಷದಲ್ಲಿ ಒಂದು ಸಲವೂ ಅವನ ತಲೆಗೆ ಬಂದಿರಲಿಲ್ಲ. ಚಿಕ್ಕಬೋರಮ್ಮ ಬಾಗಿಲಿಗೆ ಬಂದು ನಿಂತಳು. ಅವಳು ಗಂಡನನ್ನು ನೋಡಲಿಲ್ಲ, ಚಲುವರಾಜುವನ್ನು ನೋಡಿದಳು. ಅವಳು ಕೂಗಬೇಕಿತ್ತು. ಸುಳ್ಳು ಬೊಗಳಬ್ಯಾಡ ಕಣ್ಲಾ, ನಾನು ಸರಿಯಾಗೇ ಉರ್ದಿವ್ನಿ, ಅನ್ನಬೇಕಿತ್ತು. ಅನ್ನಲಿ ಅಂತ ಅವನು ಕಾದ. ಅಂದರೆ ಅಲ್ಲಿಗೆ ಎಲ್ಲ ಬಿದ್ದುಹೋಗುತ್ತದೆ, ತಾನು ಹೇಳಬೇಕಾಗಿದ್ದು ತಾನಾಗಿ ಹೊರಗೆ ಬರುತ್ತದೆ ಅಂತ ಅವನಿಗೆ ಆಸೆಯೇ ಆಯಿತು.

“ಉಂಡೆ ಕಟ್ಟಿತ್ತಾಪ್ಪ?” ಅಂದಳು.

ಅವನು ತಲೆಯಾಡಿಸಿದ. ಅದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಅವಳು ಹೌದು ಅಂತ ತಗೊಂಡಳು.

“ಸೌದೆ ಹಸಿ ಇತ್ತೇನೋ,” ಅಂದಳು ನೆಲ ನೋಡುತ್ತ. “ಹಬ್ಬದ ಕೆಲಸ ಬ್ಯಾರೆ.”

“ಥೂ, ನಿನ್ ಮನೆ ಕಾಯೋಗ,” ಅಂದ ಜವರಯ್ಯ. ಬೈಗುಳದಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಸುಸ್ತು, ಬಹಳ ದೂರದಿಂದ ನಡೆದು ಬಂದು ನೆರಳಿಗೆ ಕೂತವನದು. “ಇಷ್ಟೇಯಾ. ಉಪ್ಪು.” ಇದ್ದಲ್ಲೇ ಜಾರಿ ಚಾಪೆಯ ಮೇಲೆ ಮಗ್ಗುಲಾದ. ಇನ್ನು ಕೆಲಸಕ್ಕೆ ಬರುವುದು ಬೇಡವಂತೆ ಅನ್ನುವುದನ್ನು ಚಲುವರಾಜು ಹೇಳಿದಾಗ, “ಗೊತ್ತು ಬುಡ್ಲಾ. ಕುರುಡನ್ನ ಕರ್ಕಂಡು ಏನ್ ಮಾಡಾನು? ನೀನೇ ಕುಂತ್ಕೋ. ಅವ್ಳನ್ನ ಚೆಂದಾಗಿ ನೋಡ್ಕೋ,” ಅಂದ. ಅಂದ ಸ್ವಲ್ಪ ಹೊತ್ತಿಗೆ ಗೊರಕೆ ಬಂತು. ಬಾಗಿಲಲ್ಲಿ ನಿಂತ ಹೆಂಗಸು ಆ ಗೊರಕೆಯನ್ನು, ಮಗು ಹಾಲು ಕುಡಿಯುವ ಸದ್ದು ಕೇಳುವ ಹಾಗೆ, ತಲೆ ಓರೆ ಮಾಡಿ ಕೇಳಿದಳು.

ಮುದ್ದೆ ಇಕ್ಕಿದಳು. ಅವರೆಕಾಳಿನ ಸಾರು, ಸೊನೆ ಅವರೆ, ಈ ಕಾಲದ ಮೊದಲನೆಯದು ಅಂದಳು. ಅವನಿಗೆ ಅದು ಬಿಸಿಯಾಗಿತ್ತು, ಉಪ್ಪಾಗಿತ್ತು, ಅಷ್ಟೇ ಗೊತ್ತಾಯಿತು. ನುಂಗಿದ. ಎದ್ದುಹೋಗಬಹುದಿತ್ತು, ಎಲೆ ತಳ್ಳಬಹುದಿತ್ತು, ಅವಳ ಕಾಲು ಹಿಡಿಯಬಹುದಿತ್ತು. ಪ್ರತಿ ತುತ್ತು ಇಳಿಯುವಾಗಲೂ ಮುಂದಿನ ತುತ್ತಿಗೆ ಹೇಳುತ್ತೇನೆ ಅಂದುಕೊಂಡ. ಮುದ್ದೆ ಮುಗಿಯಿತು. ಕೈ ತೊಳೆಯಲು ಅವಳು ಚೊಂಬಿನಿಂದ ನೀರು ಹುಯ್ದಳು. ನೀರು ಅವನ ಗೆಣ್ಣಿನ ಗುಂಡಿಗಳಲ್ಲಿ ನಿಂತು ನಿಂತು ಇಳಿಯುವುದನ್ನು ಅವಳು ನೋಡಿದಳು, ಗಂಡನ ಕೈ ನೋಡಿ ಅಭ್ಯಾಸವಾದವಳು, ಮುಖ ತಿರುಗಿಸಲಿಲ್ಲ.

ಬಸ್ಸು ನಿಲ್ಲುವ ಕಡೆಗೆ ಜೊತೆಗೇ ಬಂದಳು. ಬೇಡ ಅಂದರೂ ಕೇಳಲಿಲ್ಲ. ಟ್ರಾಕ್ಟರೊಂದು ಜಲ್ಲಿ ತುಂಬಿಕೊಂಡು ಹೋಗಿ ಧೂಳು ಇಳಿದ ಮೇಲೆ ಮಾತಾಡಿದಳು. “ಚಟಪಟ ನಿಂತ್ಮೇಲೇ ಇಳಿಸಿದ್ದು ಅಂತ ನೆಪ್ಪು ಕಣಪ್ಪ ನಂಗೆ. ಉಪ್ಪು ಅಂಗೇ ಅಲ್ವಾ, ತೇವ ಇರಗಂಟ ಸಿಡೀತದೆ, ಆಮೇಲೆ ಸುಮ್ಗಾಯ್ತದೆ. ಸುಮ್ಗಾಗಿತ್ತು. ಒಬ್ಬಟ್ಟಿಗೆ ಬೇಳೆ ಇಟ್ಟಿದ್ದೆ ಪಕ್ಕದ ಒಲೇಲಿ, ಅದು ಸಿಡೀತಿತ್ತೋ, ಇದು ಸಿಡೀತಿತ್ತೋ. ಡಬ್ಬಿಗೆ ತುಂಬೋವಾಗ ಕೈ ಒದ್ದೆ ಇತ್ತೇನೋ. ತೊಳ್ಕಂಡು ಒರುಸ್ಕಂಡ್ನೋ ಇಲ್ವೋ. ಎಷ್ಟು ನೆನುಸ್ಕಂಡ್ರೂ ಅದ್ ಮಾತ್ರ ಬತ್ತಾ ಇಲ್ಲ ನೋಡು.” ಅವಳು ತನ್ನ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು, ಒಂದನ್ನು, ಆಮೇಲೆ ಇನ್ನೊಂದನ್ನು. ಗಂಡ ಜಗಲಿಯಲ್ಲಿ ಕೂತು ಒಂದೊಂದಾಗಿ ಎಣಿಸಿದ ಹಾಗೆಯೇ ಅವಳೂ ಈಗ ಎಣಿಸಲು ಶುರುಮಾಡಿದ್ದಳು: ಒಲೆ, ಸೌದೆ, ಬೇಳೆ, ಕೈ, ಡಬ್ಬಿ. ಅವಳಿಗೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಯಾರೂ ಇರಲಿಲ್ಲ. ಒಬ್ಬನಿದ್ದ.

ಪಾಂಡವಪುರದ ಕಡೆಯ ಬಸ್ಸು ತಿರುವಿನಲ್ಲಿ ಕಂಡಿತು. ಅವನು ಕೈ ಎತ್ತಿದ. ಅವಳು ಸೆರಗನ್ನು ಎಳೆದು ಸೊಂಟಕ್ಕೆ ಸಿಗಿಸಿ, ಏನೋ ದೊಡ್ಡದನ್ನು ಕೇಳುವವಳ ಹಾಗೆ ಅವನ ಹತ್ತಿರ ಬಂದಳು.

“ಇನ್ಮ್ಯಾಕೆ ನೀನೇ ತಾನೆ ಕೂರದು ಅಲ್ಲಿ? ಉಪ್ಪು ನಾನೇ ಉರ್ದು ಕಳುಸ್ತೀನಿ ಕಣಪ್ಪ, ಬೆಳಗಿನ ಬಸ್ ಕಂಡಕ್ಟ್ರು ಕೈಲಿ. ಬ್ಯಾಡ ಅನ್ಬ್ಯಾಡ. ಒಣ ಸೌದೇಲಿ ಉರೀತೀನಿ. ಎಲ್ಡು ಸತಿ ಉರೀತೀನಿ.”

ಬಸ್ಸು ನಿಂತಿತು. ಅವನು ಮೆಟ್ಟಿಲಿಗೆ ಕಾಲಿಟ್ಟು, ಕಂಬಿ ಹಿಡಿದು, ತಿರುಗಿ ನೋಡಿದ. ಅವಳು ಮುಖ ಮೇಲಕ್ಕೆತ್ತಿ ಉತ್ತರಕ್ಕೆ ಕಾಯುತ್ತಿದ್ದಳು.

“ಎಲ್ಡು ಸತಿ ಸಾಕಾ, ಮಗಾ? ಮೂರು ಸತಿ ಉರೀಲಾ?”

“ಎರಡು ಸಾಕು ಕಣಕ್ಕ,” ಅಂದ.